ಎಡಗಡೆಯ ಸೀಟು

ಆ ವ್ಯಾನು ಬೇರೆ ದೇಶದ್ದು. ಬೀದಿಯಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಅದೊಂದರ ನಂಬರ್ ಪ್ಲೇಟು ಬೇರೆ ಬಣ್ಣ, ಅದೊಂದರ ಸ್ಟೇರಿಂಗು ಬಲಗಡೆ. ಬಂದ ಹೊಸದರಲ್ಲಿ ಅಂಚೆಯವನು ಎಡಗಡೆಯ ಕಿಟಕಿ ತಟ್ಟಿ, ಅಲ್ಲಿ ಕೂತಿದ್ದ ಹೆಂಡತಿಯನ್ನೇ ಡ್ರೈವರ್ ಅಂದುಕೊಂಡು, "ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಮ್ಮಾ," ಅಂದಿದ್ದ. ಪಕ್ಕದಲ್ಲಿದ್ದ ಗಂಡ ಕೈಕಟ್ಟಿ ಕೂತು, "ತಗೋ, ತಗೋ, ನಿನ್ನನ್ನೇ ಹೇಳ್ತಿರೋದು," ಎಂದು ನಕ್ಕಿದ್ದ.

ಗಂಡ ಹೆಂಡತಿ ಪರದೆ ಹೊಲಿದು ಬದುಕುವವರು. ಅವಳು ಹೊಲಿಯುವಳು. ಅವನು ಗಿರಾಕಿಗಳ ಮನೆಗೆ ಹೋಗಿ ಗೋಡೆ ಕೊರೆದು, ಕಂಬಿ ಕೂರಿಸಿ, ತೂಗುಹಾಕಿ ಬರುವನು. ಊರು ಬಿಟ್ಟು ಮೊದಲು ಹೋದ ದೇಶದಲ್ಲಿ ಊರಿನ ಹಾಗೆಯೇ ಗಾಡಿಗಳು ರಸ್ತೆಯ ಎಡಗಡೆ ಹೋಗುತ್ತಿದ್ದವು. ವ್ಯಾನು ಕೊಂಡದ್ದು ಅಲ್ಲಿ. ಅವಳು ಗಾಡಿ ಕಲಿತದ್ದೂ ಅಲ್ಲೇ, ಅವನ ಕೈಯಲ್ಲಿ ಬೈಸಿಕೊಂಡು. ಅಲ್ಲಿ ಕೆಲಸ ಕಡಿಮೆಯಾಯಿತು. ಅವನ ತಾಯಿಯನ್ನೂ ಕರೆದುಕೊಂಡು, ವ್ಯಾನನ್ನು ಹಡಗಿಗೆ ಏರಿಸಿ, ಈ ದೇಶಕ್ಕೆ ಬಂದರು. ಇಲ್ಲಿ ಗಾಡಿಗಳು ಬಲಗಡೆ ಹೋಗುತ್ತವೆ.

ಬಲಗಡೆ ಸ್ಟೇರಿಂಗಿನ ಗಾಡಿಯನ್ನು ರಸ್ತೆಯ ಬಲಗಡೆ ಓಡಿಸುವ ಪಾಡು ಓಡಿಸಿದವರಿಗೇ ಗೊತ್ತು. ಮುಂದೊಂದು ಲಾರಿ ಸಿಕ್ಕಿತೋ, ಕೆಲಸ ಕೆಟ್ಟಿತು. ಡ್ರೈವರಿಗೆ ಕಾಣುವುದು ಲಾರಿಯ ಬೆನ್ನು ಮತ್ತು ರಸ್ತೆಯಂಚಿನ ಹುಲ್ಲು, ಅಷ್ಟೇ. ಎದುರಿಂದ ಏನು ಬರುತ್ತಿದೆ ಎಂದು ಕಾಣುವುದು ಎಡಗಡೆ ಸೀಟಿನವರಿಗೆ. ಹಾಗಾಗಿ ಗಂಡ ಸ್ಟೇರಿಂಗು ಹಿಡಿದರೆ ಹೆಂಡತಿ ರಸ್ತೆ ನೋಡಬೇಕು. ಅವನು "ಹೂಂ?" ಅನ್ನುವನು. ಅವಳು ಕತ್ತು ಚಾಚಿ, "ಉಹೂಂ," ಅನ್ನುವಳು. ಸ್ವಲ್ಪ ಹೊತ್ತು ಬಿಟ್ಟು, "ಹೂಂ." ಅವಳು ಹೂಂ ಅಂದಮೇಲೆ ಅವನು ಇನ್ನೊಮ್ಮೆ ಕೇಳಿದವನಲ್ಲ, ಗಾಡಿ ಎಡಕ್ಕೆ ತೆಗೆದು ಮುಂದೆ ಹೋಗಿಬಿಡುವನು. ಒಮ್ಮೆ ಯಾವುದೋ ಮಾತಿಗೆ ಜಗಳವಾಗಿ ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ಆಗಲೂ ಗಾಡಿಯೊಳಗೆ ಹೂಂ, ಉಹೂಂ ನಿಲ್ಲಲಿಲ್ಲ.

"ನನ್ನ ಹತ್ರ ಮಾತು ಬಿಟ್ಟಿದ್ದೆ ಅಲ್ವಾ?" ಎಂದು ಅವನು ಕೆಣಕಿದ.

"ನಿಮ್ಮ ಹತ್ರ ಯಾರು ಮಾತಾಡಿದ್ರು? ನಾನು ರಸ್ತೆ ಹತ್ರ ಮಾತಾಡ್ದೆ."

ಅಂಥವನು ಒಂದು ಮಧ್ಯಾಹ್ನ ಗಿರಾಕಿಯ ಮನೆಯಲ್ಲಿ ಏಣಿಯ ಮೇಲಿದ್ದವನು ಎದೆ ಹಿಡಿದುಕೊಂಡು ಕೆಳಗಿಳಿದ. ನೆಲದ ಮೇಲೆ ಕೂತ. ಏಳಲಿಲ್ಲ. ಅವಳು ಕೆಳಗೆ ವ್ಯಾನಿನಲ್ಲಿ ಕೂತು ಇನ್ನೊಂದು ಪರದೆಗೆ ಕೊಕ್ಕೆ ಹಾಕುತ್ತಿದ್ದಳು. ಯಾರೋ ಮೇಲಿನ ಕಿಟಕಿಯಿಂದ ಕೂಗಿದರು. ಅಷ್ಟೇ.

ಅವನು ಸತ್ತಾಗ ಗಾಡಿಯ ಕೆಲಸ ಅರ್ಧಕ್ಕೆ ನಿಂತಿತ್ತು. ಬೇರೆ ದೇಶದಿಂದ ವಾಸಕ್ಕೆ ಬಂದವರು ತಮ್ಮ ಗಾಡಿಯನ್ನು ಗಡುವಿನೊಳಗೆ ಇಲ್ಲಿಯದಾಗಿ ಮಾಡಿಸಿಕೊಳ್ಳಬೇಕು. ಮೊದಲು ಸುಂಕದವರ ಒಪ್ಪಿಗೆ, ಆಮೇಲೆ ತಪಾಸಣೆ, ಕೊನೆಗೆ ಹೊಸ ನಂಬರು. ಗಡುವು ದಾಟಿದರೆ ಗಾಡಿ ದೇಶ ಬಿಡಬೇಕು, ಇಲ್ಲವೇ ಗುಜರಿಗೆ ಹೋಗಬೇಕು. ಸುಂಕದವರದ್ದನ್ನು ಅವನು ಮುಗಿಸಿದ್ದ. ಉಳಿದದ್ದು ಅವಳ ತಲೆಗೆ ಬಂತು. ಬಟ್ಟೆಯ ಥಾನು, ಕಂಬಿ, ಏಣಿ, ಡ್ರಿಲ್ಲು ಇವನ್ನೆಲ್ಲ ಬಸ್ಸಿನಲ್ಲಿ ಹೊತ್ತು ತಿರುಗಲಾಗದು. ಗಾಡಿ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಅತ್ತೆ ಸೊಸೆ ಇಬ್ಬರೂ ಈ ದೇಶದಲ್ಲಿ ಇರುವುದಾದರೂ ಯಾಕೆ?

ಗ್ಯಾರೇಜಿನವನು ಒಳ್ಳೆಯವನು. ಅವಳ ಗಂಡನ ಜೊತೆ ಚಹಾ ಕುಡಿಯುತ್ತಿದ್ದವನು. ವ್ಯಾನಿನ ಹೆಡ್‌ಲೈಟು ಇಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆಂದು ಎರಡನ್ನೂ ತೆಗೆದು ಬೇರೆ ಕೂರಿಸಿಕೊಟ್ಟ. ಹಿಂದಿನ ಮಂಜಿನ ದೀಪವನ್ನೂ ಈ ಕಡೆಯಿಂದ ಆ ಕಡೆಗೆ ಹಾಕಿದ.

"ಗಾಡಿ ಪಾಸಾಗುತ್ತೆ ಅಕ್ಕಾ. ಹೆದರ್ಬೇಡಿ. ಆದ್ರೆ ಊರಾಚೆ ರಸ್ತೇಲಿ ಒಬ್ರೇ ಹೋಗ್ಬೇಡಿ. ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ."

"ಯಾರನ್ನ ಕೂರಿಸ್ಕೊಳ್ಳಲಿ?" ಅಂದಳು.

ಅವನು ಕೈ ಒರೆಸಿಕೊಳ್ಳುತ್ತ ನಿಂತ.

ತಪಾಸಣೆಯ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಬೇರೆಯದೇ ಹೇಳಿದಳು. ಗಾಡಿ ಸತ್ತವನ ಹೆಸರಿನಲ್ಲಿದೆ. ಅದನ್ನು ಹೆಂಡತಿಯ ಹೆಸರಿಗೆ ಮಾಡಬೇಕಾದರೆ ತಾಯಿಯೂ ಬಂದು, ಆಕ್ಷೇಪಣೆ ಇಲ್ಲವೆಂದು ಎದುರಿಗೇ ಸಹಿ ಹಾಕಬೇಕು. ತಾಯಿ ಇದ್ದಾರಾ?

ಇದ್ದಾರೆ. ಮನೆಯಲ್ಲೇ ಇದ್ದಾರೆ. ಅದೇ ಕಷ್ಟ.

ಅತ್ತೆ ಹೊಲಿಗೆ ಮೆಷಿನ್ನಿನ ಪಕ್ಕದ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಗೋಡೆ ನೋಡುತ್ತ ಹೇಳಿದಳು:

"ಈ ದೇಶದಲ್ಲಿ ನನ್ನ ಮಗನ ಹೆಸರು ಎಲ್ಲಿದೆ ಹೇಳು. ಮನೆ ಬಾಡಿಗೇದು. ಅಂಗಡಿ ಇಲ್ಲ. ಇರೋದು ಆ ಗಾಡಿ ಮೇಲೆ ಒಂದೇ. ಅದನ್ನೂ ಅಳಿಸಿ ನಿನ್ನ ಹೆಸರು ಬರೆಸ್ಕೋತೀಯಾ?"

"ಅಳಿಸ್ದಿದ್ರೆ ಗಾಡೀನೇ ಇರಲ್ಲ ಅತ್ತೆ."

"ಇಲ್ದಿದ್ರೆ ಇಲ್ಲ. ಅವನೇ ಇಲ್ಲ, ಗಾಡಿ ಕಟ್ಕೊಂಡು ಏನು ಮಾಡ್ಲಿ?"

"ಊಟಕ್ಕೆ ಏನು ಮಾಡ್ತೀರಾ?"

"ನೀನಿದ್ದೀಯಲ್ಲ, ನನ್ನ ಬಾಯಿ ಮುಚ್ಚಿಸೋಕೆ," ಎಂದು ಮುದುಕಿ ಮಗ್ಗುಲಾದಳು.

ಹೀಗೇ ದಿನ ಕಳೆದವು. ಅವಳು ಬೇಡಿಕೊಂಡಳು, ರೇಗಿದಳು, ಮಾತು ಬಿಟ್ಟಳು. ಗಡುವಿನ ಕೊನೆಯ ದಿನ ಬೆಳಿಗ್ಗೆ ಮುದುಕಿ ತಾನಾಗಿ ಸ್ವೆಟರು ಹಾಕಿಕೊಂಡು ಬಾಗಿಲಿಗೆ ಬಂದಳು.

"ನಡಿ. ಆಫೀಸಿನವರ ಬಾಯಿಂದಾನೇ ಕೇಳ್ತೀನಿ. ಸಹಿ ಹಾಕ್ತೀನಿ ಅಂತ ಹೇಳಿಲ್ಲ, ತಿಳ್ಕೋ."

ಬೆಳಿಗ್ಗೆಯೇ ಹೊರಟಿದ್ದರೆ ಆಗುತ್ತಿತ್ತು. ಆದರೆ ಮುದುಕಿಗೆ ಕನ್ನಡಕ ಸಿಗಲಿಲ್ಲ. ಸಿಕ್ಕಮೇಲೆ ಮಾತ್ರೆ ನುಂಗುವುದಿತ್ತು. ನುಂಗಿದಮೇಲೆ ಇನ್ನೊಂದು ಸಲ ಬಚ್ಚಲಿಗೆ ಹೋಗುವುದಿತ್ತು. ಊರು ದಾಟುವಾಗ ಮಧ್ಯಾಹ್ನ ಇಳಿಯುತ್ತಿತ್ತು. ತಪಾಸಣೆಯ ಕಚೇರಿ ಊರಾಚೆ, ಹೋಗಲೊಂದು ಬರಲೊಂದು ಸಾಲಿನ ರಸ್ತೆಯ ಕೊನೆಗೆ. ಮೂರಕ್ಕೆ ಅವರು ಕಿಟಕಿ ಮುಚ್ಚುತ್ತಾರೆ.

ವ್ಯಾನಿನ ಹಿಂದೆ ಸೀಟಿಲ್ಲ, ಬರೀ ಸಾಮಾನು. ಮುದುಕಿ ಎಲ್ಲಿಗೆ ಹೋಗುವುದಿದ್ದರೂ ಬಸ್ಸಿನಲ್ಲೇ ಹೋಗುತ್ತಿದ್ದಳು. ಎಡಗಡೆಯ ಸೀಟಿನಲ್ಲಿ ಅವಳು ಕೂತದ್ದು ಇದೇ ಮೊದಲು. ಎದುರಿನ ಗಾಡಿಗಳು ಮೈಮೇಲೆ ಬಂದ ಹಾಗೆ ಬರುವುದು ನೋಡಿ ಬಾಗಿಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಊರು ಮುಗಿದದ್ದೇ ತಡ, ಸಿಮೆಂಟು ತುಂಬಿದ ಲಾರಿಯೊಂದು ಮುಂದೆ ಸಿಕ್ಕಿತು. ಎಮ್ಮೆಯ ಹಾಗೆ ಹೋಗುತ್ತಿತ್ತು. ಬಲಗಡೆ ಕೂತವಳಿಗೆ ಲಾರಿಯ ಬೆನ್ನು ಬಿಟ್ಟು ಏನೂ ಕಾಣದು.

"ಅತ್ತೆ, ಎದುರಿಂದ ಗಾಡಿ ಬರ್ತಿದೆಯಾ ನೋಡಿ ಹೇಳಿ."

ಮುದುಕಿ ಕತ್ತೆತ್ತಿದಳು. "ಬರ್ತಿದೆ."

ಎಡಕ್ಕೆ ಸ್ವಲ್ಪ ತೆಗೆದಿದ್ದವಳು ತಕ್ಷಣ ಹಿಂದೆ ಸರಿದಳು. ಕಾದಳು. ತುಸು ಹೊತ್ತಿನ ಮೇಲೆ ಕೇಳಿದಳು.

"ಈಗ?"

"ಬರ್ತಿದೆ."

"ಈಗ?"

"ಬರ್ತಾನೇ ಇದೆ ಕಣೇ, ಎಷ್ಟು ಸಲ ಹೇಳ್ಲಿ?"

ಅವಳು ಕಾದಳು. ಎದುರಿಂದ ಬರುವ ಗಾಡಿ ಲಾರಿಯನ್ನು ದಾಟಿದಮೇಲೆ ತಮ್ಮ ಪಕ್ಕದಲ್ಲೂ ಹಾದುಹೋಗಬೇಕು ತಾನೆ? ಹಾದುಹೋಗಲಿಲ್ಲ. ಒಂದೂ ಹೋಗಲಿಲ್ಲ. ಎಡಗಡೆಯ ಕಿಟಕಿಯಲ್ಲಿ ಖಾಲಿ ರಸ್ತೆ ಮಾತ್ರ ಹಿಂದಕ್ಕೆ ಓಡುತ್ತಿತ್ತು. ಈ ಮುದುಕಿ ಸುಳ್ಳು ಹೇಳುತ್ತಿದ್ದಾಳೆ. ಹೊತ್ತು ಮೀರಿಸಲೆಂದೇ ಬಂದು ಕೂತಿದ್ದಾಳೆ.

ರಸ್ತೆ ಖಾಲಿ ಇದೆ ಎಂದು ಗೊತ್ತಾದಮೇಲೆ ದಾಟಬಹುದಿತ್ತು. ಎರಡು ಸಲ ಗೇರು ಬದಲಿಸಿದಳು. ಆದರೆ ಸುಳ್ಳು ಹೇಳುವವಳು ಒಂದು ಸಲ ನಿಜ ಹೇಳಿದ್ದರೆ? ಕಣ್ಣು ಕಟ್ಟಿಕೊಂಡು ನುಗ್ಗಲು ಅವಳಿಂದ ಆಗಲಿಲ್ಲ. ಹಲ್ಲು ಕಚ್ಚಿಕೊಂಡು ಲಾರಿಯ ಹಿಂದೆಯೇ ಹೋದಳು. ಹಿಂದಿನಿಂದ ಬಂದ ಗಾಡಿಗಳು ಹಾರ್ನು ಹೊಡೆದು, ವ್ಯಾನನ್ನೂ ಲಾರಿಯನ್ನೂ ದಾಟಿ ಹೋದವು.

ಕಚೇರಿಯ ಅಂಗಳದೊಳಗೆ ವ್ಯಾನು ನಿಲ್ಲಿಸುವಾಗ ಕಿಟಕಿಯ ಷಟರು ಇಳಿದಿತ್ತು.

ಎಂಜಿನ್ನು ನಿಲ್ಲಿಸಿದಳು.

"ಅತ್ತೆ, ರಸ್ತೆ ಖಾಲಿ ಇತ್ತು ಅಲ್ವಾ?"

"ಇತ್ತು."

"ಬೇಕಂತಲೇ ಹೇಳಿದ್ರಿ."

"ಮೊದಲ್ನೇ ಸಲ ಬೇಕಂತಲೇ ಹೇಳ್ದೆ. ಹೊತ್ತಾಗ್ಲಿ, ಅವರು ಬಾಗಿಲು ಹಾಕ್ಕೊಂಡು ಹೋಗ್ಲಿ ಅಂತ." ಮುದುಕಿ ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ. "ನಾನು ಅಂದ ತಕ್ಷಣ ನೀನು ಹಿಂದೆ ಸರಿದೆ ನೋಡು. ಒಂದು ಮಾತೂ ಕೇಳದೇ. ಆಗ ನನ್ನ ಕೈಕಾಲು ತಣ್ಣಗಾಯ್ತು. ಅಯ್ಯೋ, ನಾನು ಹೋಗು ಅಂದ್ರೆ ಇವಳು ಹೋಗೇಬಿಡ್ತಾಳಲ್ಲ ಅಂತ. ಆಮೇಲೆ ಖಾಲಿ ಇದೆ ಅಂತ ಕಾಣ್ತಿದ್ರೂ ಹೇಳೋಕೆ ಬಾಯೇ ಬರಲಿಲ್ಲ. ನನ್ನ ಕಣ್ಣನ್ನ ನಾನೇ ನಂಬಲ್ಲ. ನೀನ್ಯಾಕೆ ನಂಬ್ತೀಯ?"

"ಇನ್ಯಾರನ್ನ ನಂಬಲಿ?"

"ಏನಾದ್ರೂ ಆಗಿದ್ರೆ? ಅವನು ಹೋದ. ನೀನೂ ಹೋಗಿ, ನಾನು ಉಳ್ಕೊಂಡ್ರೆ?"

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಬೈಯಲು ಬಾಯಿ ತೆರೆದರೆ ಅಳು ಹೊರಗೆ ಬಂತು. ಗಂಡ ಸತ್ತ ದಿನ ಅತ್ತದ್ದು ನಾಲ್ಕು ಜನರ ಮುಂದೆ. ಇದು ಹಾಗಲ್ಲ. ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಹಣೆ ಹಾರ್ನಿಗೆ ಒತ್ತಿತು. ಅಂಗಳವೆಲ್ಲ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ಇಬ್ಬರೂ ಬೆಚ್ಚಿಬಿದ್ದರು.

ಷೆಡ್ಡಿನಿಂದ ತಪಾಸಣೆಯವನು ಕೋಟಿಗೆ ಕೈ ತೂರಿಸುತ್ತ ಹೊರಬಂದ. ಮನೆಗೆ ಹೊರಟಿದ್ದವನು.

"ಹಾರ್ನು ಹೊಡೆದ್ರೆ ಕಿಟಕಿ ತೆಗೀತಾರಾ ಅಮ್ಮಾ? ನಾನೂ ಹೊಡೆದು ನೋಡಿದ್ದೀನಿ, ಸಂಬಳದ ದಿನ. ಆಗಲ್ಲ."

ಅವಳು ಕಣ್ಣು ಒರೆಸಿಕೊಂಡು ಕಾಗದ ಚಾಚಿದಳು. ಅವನು ಗಡುವಿನ ತಾರೀಕು ನೋಡಿದ, ನಂಬರ್ ಪ್ಲೇಟು ನೋಡಿದ, ಅತ್ತೆಯನ್ನು ನೋಡಿದ. ತಮಾಷೆ ನಿಲ್ಲಿಸಿದ.

"ಗಾಡಿ ಗಡುವಿನೊಳಗೆ ಅಂಗಳಕ್ಕೆ ಬಂದಿದೆ ಅಂತ ನಾನು ಬರ್ಕೋಬಹುದು. ಬೀಗದ ಕೈ ಕೊಟ್ಟು ಹೋಗಿ. ನಾಳೆ ಬೆಳಿಗ್ಗೆ ಕಿಟಕಿ ತೆಗೆದ ತಕ್ಷಣ ಇಬ್ಬರ ಸಹಿಯೂ ಬೀಳಬೇಕು. ಒಬ್ಬರದ್ದು ತಪ್ಪಿದ್ರೂ ಇದು ಇಲ್ಲಿಂದ ನೇರ ಗುಜರಿಗೆ. ಆಮೇಲೆ ನನ್ನ ಕೇಳ್ಬೇಡಿ. ಬರ್ತೀರಾ?"

ಅವಳು ಅತ್ತೆಯ ಕಡೆ ನೋಡಲಿಲ್ಲ. ಬೀಗದ ಕೈ ಕೊಟ್ಟಳು.

ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು. ಅವಳು ಮೆಷಿನ್ನಿನ ಮುಂದೆ ಕೂತು ಅರ್ಧ ಹೊಲಿದ ಪರದೆಗೆ ಅಂಚು ಮಡಿಚಿದಳು. ಹೊಲಿದದ್ದು ಸೊಟ್ಟಗಾಯಿತು. ಬಿಚ್ಚಿದಳು. ಬಿಚ್ಚಿ ಅಲ್ಲೇ ಬಿಟ್ಟಳು. ಗಾಡಿಯೇ ಉಳಿಯದಿದ್ದರೆ ಇದನ್ನು ಯಾರ ಕಿಟಕಿಗೆ ಹಾಕುವುದು?

ಬೆಳಿಗ್ಗೆ ಎದ್ದು ನೋಡಿದರೆ ಮುದುಕಿ ಮಂಚದ ಅಂಚಿಗೆ ಕೂತಿದ್ದಳು. ಸ್ವೆಟರು ಹಾಕಿಯಾಗಿತ್ತು. ಕನ್ನಡಕ ಮೂಗಿನ ಮೇಲಿತ್ತು.

"ಸಹಿ ಹಾಕ್ತೀನಿ," ಅಂದಳು. "ಆದ್ರೆ ಆ ಸೀಟಲ್ಲಿ ಮಾತ್ರ ಇನ್ನೊಂದು ಸಲ ಕೂರಿಸ್ಬೇಡ. ಹೋಗು ಅನ್ನೋ ಮಾತು ನನ್ನ ಬಾಯಿಂದ ಕೇಳ್ಬೇಡ."

"ಕೇಳಲ್ಲ."

"ಇನ್ನೊಬ್ಬರ ಬಾಯಿಂದಾನೂ ಕೇಳ್ಬೇಡ. ಲಾರಿ ಹಿಂದೇನೇ ಹೋಗು. ಏನು, ಹೊತ್ತಾದ್ರೆ ಪರದೆ ಓಡಿಹೋಗುತ್ತಾ?"

ಕಿಟಕಿ ತೆಗೆದಾಗ ಮೊದಲು ನಿಂತವರು ಅವರೇ. ಕಿಟಕಿಯ ಹೆಂಗಸು ಸತ್ತವನ ಹೆಸರಿನ ಮೇಲೆ ಅಳತೆಪಟ್ಟಿಯಿಟ್ಟು ಒಂದು ಗೆರೆ ಎಳೆದಳು. ಮುದುಕಿ ಗಾಜಿಗೆ ಮುಖ ತಾಗಿಸಿ ನೋಡುತ್ತಿದ್ದಳು.

"ಅಷ್ಟೇನಾ?"

"ಅಷ್ಟೇ," ಅಂದಳು ಆ ಹೆಂಗಸು. "ಇಲ್ಲಿ ಸಹಿ ಮಾಡಿ."

ಮುದುಕಿ ಪೆನ್ನು ತೆಗೆದುಕೊಂಡಳು. ಅಕ್ಷರ ಗೆರೆ ಬಿಟ್ಟು ಕೆಳಗಿಳಿಯಿತು. ಆದರೂ ಪೂರ್ತಿ ಬರೆದಳು. ಬರೆದು ಪೆನ್ನಿಗೆ ಮುಚ್ಚಳ ಹಾಕಿ ಆ ಹೆಂಗಸಿನ ಕೈಗೇ ಕೊಟ್ಟಳು.

ತಪಾಸಣೆಯವನು ದೀಪ ನೋಡಿದ, ಬ್ರೇಕು ನೋಡಿದ, ಕೆಳಗೆ ಬಗ್ಗಿ ಸುತ್ತಿಗೆಯಿಂದ ತಟ್ಟಿದ. ಪಾಸು ಮಾಡಿದ. ಹಳೆಯ ಪ್ಲೇಟು ಬಿಚ್ಚಿ ಹೊಸದು ಕೂರಿಸಿದಾಗ ಗಾಡಿ ಯಾರದ್ದೋ ಅನ್ನಿಸಿತು ಅವಳಿಗೆ. ಸಂತೋಷವೇನೂ ಆಗಲಿಲ್ಲ. ತಿರುಗಿ ನೋಡಿದರೆ ಮುದುಕಿ ಆಗಲೇ ಗೇಟು ದಾಟಿ ಬಸ್ಸಿಗೆ ನಿಂತಿದ್ದಳು. ಕರೆಯುವುದು ಬೇಡವೆನ್ನಿಸಿತು.

ಒಬ್ಬಳೇ ಹೊರಟಳು. ದಾರಿಯಲ್ಲಿ ಮರ ಹೇರಿದ ಲಾರಿ ಸಿಕ್ಕಿತು. ಅದರ ಹಿಂದೆಯೇ ಬಂದಳು. ನಡುವೆ ಬಸ್ಸೊಂದು ಅವಳನ್ನೂ ಲಾರಿಯನ್ನೂ ದಾಟಿ ಮುಂದೆ ಹೋಯಿತು. ಕಿಟಕಿಯಲ್ಲಿ ಆ ಸ್ವೆಟರು ಕಂಡ ಹಾಗಾಯಿತು.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಮುದುಕಿ ಒಳಗೆ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಬೀದಿಯ ತುದಿಯನ್ನೇ ನೋಡುತ್ತ ನಿಂತಿದ್ದಳು.

"ಇಷ್ಟು ಹೊತ್ತು ಮಾಡಿದ್ಯಲ್ಲೇ."

"ಮುಂದೆ ಲಾರಿ ಇತ್ತು ಅತ್ತೆ."

"ಇರ್ಲಿ ಬಿಡು," ಎಂದು ಮುದುಕಿ ಒಳಗೆ ಹೋದಳು.