ಮಗಳ ಹೊಟ್ಟೆಯ ಮೇಲಿನ ಹೊಲಿಗೆ

ಕೊರೋನಾದ ಎರಡನೆಯ ಅಲೆ ಬಂದ ವರ್ಷ ನನ್ನ ಮಗಳು ಐದನೆಯ ತರಗತಿಯಲ್ಲಿದ್ದಳು. ಗುಡಗೇರಿಯಲ್ಲಿ ನಮ್ಮದು ಕೂಡಿದ ಮನೆ. ನನ್ನ ಗಂಡ ಹೊಲ ನೋಡಿಕೊಳ್ಳುತ್ತಾರೆ. ಅವರ ಅಣ್ಣ, ಅಂದರೆ ನನ್ನ ಭಾವ, ಕಾಳಿನ ವ್ಯಾಪಾರಿ. ಆ ಬೇಸಿಗೆಯಲ್ಲಿ ಮೊದಲು ಭಾವ ಮಲಗಿದರು, ಅವರ ಹಿಂದೆ ಒಬ್ಬೊಬ್ಬರಾಗಿ ನಾವೆಲ್ಲ. “ಬಿಸಲಿನ ನೆಗಡಿ,” ಎಂದರು ಭಾವ. ಮಗಳಿಗೆ ಒಂದು ದಿನ ಮೈ ಬೆಚ್ಚಗಾಗಿತ್ತು ಅಷ್ಟೇ. ಮರುದಿನ ಅಂಗಳದಲ್ಲಿ ಕುಣಿಯುತ್ತಿದ್ದಳು.

ತಿಂಗಳಾಗುತ್ತ ಬಂದಾಗ ಆಕೆಗೆ ಮತ್ತೆ ಜ್ವರ ಬಂತು. ಈ ಸಲ ಇಳಿಯಲೇ ಇಲ್ಲ. ಕಣ್ಣು ಕೆಂಪಾದವು, ತುಟಿ ಒಡೆದವು, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿಬಿಟ್ಟಳು. ಭಾವ ತಮ್ಮ ಕಾರಿನಲ್ಲಿ ನಮ್ಮನ್ನು ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿ ಒಂದು ಸಣ್ಣ ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದರು.

“ಮನ್ಯಾಗ ಯಾರಿಗರ ಕೊರೋನಾ ಆಗಿತ್ತೇನ್ರಿ?”

“ಎಲ್ಲಾರಿಗೂ ನೆಗಡಿ ಬಂದಿತ್ರಿ, ಆದ್ರ...” ಎಂದು ನಾನು ಶುರುಮಾಡಿದೆ.

ಭಾವ ನಡುವೆಯೇ ಬಾಯಿ ಹಾಕಿದರು. “ಕೊರೋನಾ ಗಿರೋನಾ ಯಾರಿಗೂ ಇಲ್ರಿ. ಬರೇ ಬಿಸಲಿನ ನೆಗಡಿ.”

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಭಾವನ ಮಾತಿಗೆ ಎದುರಾಡುವುದಿಲ್ಲ. ಎದುರಾಡಲು ನನಗೆ ತಿಳಿದಿದ್ದಾದರೂ ಏನು? ಅಪೆಂಡಿಕ್ಸ್ ಇರಬೇಕು, ತಡಮಾಡಿದರೆ ಒಡೆಯುತ್ತದೆ ಎಂದರು ಡಾಕ್ಟರು. ಅವತ್ತೇ ಹೊಟ್ಟೆ ಕೊಯ್ದರು.

ಜ್ವರ ಹಾಗೇ ಉಳಿಯಿತು. ಕೈಕಾಲು ತಣ್ಣಗಾದವು, ಬಿ.ಪಿ. ಇಳಿಯತೊಡಗಿತು. ಗಾಬರಿಯಾಗಿ ಅವರೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಮಕ್ಕಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಹೃದಯದ ಸ್ಕ್ಯಾನ್ ನೋಡಿ, ನನ್ನ ಗಂಡ, ಭಾವ, ನಾನು, ಮೂವರನ್ನೂ ಒಳಗೆ ಕರೆದರು.

“ಈಕಿಗೆ ಕೊರೋನಾ ಬಂದು ಹೋಗೇತ್ರಿ. ವೈರಸ್ ಈಗ ಮೈಯಾಗ ಇಲ್ಲ. ಆದ್ರ ಅದನ್ನ ಹೊಡಿಯಾಕ ಎದ್ದಿದ್ದ ರಕ್ತದಾಗಿನ ಬಿಳಿ ಕಣ ಇನ್ನೂ ಸುಮ್ಮನಾಗಿಲ್ಲ. ಕೆಲಸ ಮುಗದ ಮ್ಯಾಲೂ ಬಡದಾಡಾಕತ್ತಾವ. ಅದಕ್ಕ ಕರಳು, ಕಣ್ಣು, ಹೃದಯದ ರಕ್ತನಾಳ, ಎಲ್ಲಾ ಕಡೆ ಉರಿಯೂತ ಆಗೇತಿ. ಹೊಟ್ಟಿ ನೋವೂ ಅದರದ.”

“ಹಂಗಾದ್ರ ಆಪರೇಷನ್?” ಎಂದೆ.

“ಬೇಕಾಗಿರಲಿಲ್ರಿ. ಮನ್ಯಾಗ ಕೊರೋನಾ ಆಗೇತಿ ಅಂತ ಹೇಳಿದ್ರ ಅವರೂ ಇದನ್ನ ಯೋಚನಿ ಮಾಡ್ತಿದ್ರು. ನಿಮಗ್ಯಾರಿಗೂ ಗೊತ್ತಿರಲಿಲ್ಲೇನು?”

ಭಾವ ನೆಲ ನೋಡಿದರು. “ನನಗ ಟೆಸ್ಟಿನ್ಯಾಗ ಬಂದಿತ್ರಿ. ಹೇಳಿದ್ರ ಅಂಗಡಿ ಮುಚ್ಚಸ್ತಿದ್ರು.”

ನಾನು ನನ್ನ ಗಂಡನ ಮುಖ ನೋಡಿದೆ. ಅಣ್ಣನ ಕೊರಳಪಟ್ಟಿ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ನೀರಿನ ಬಾಟಲಿ ತರುತ್ತೇನೆಂದು ಎದ್ದು ಹೋದರು. ಮಗಳ ಜ್ವರವನ್ನು ನಾನು ಹೇಗೋ ಮರೆಯಬಹುದು, ಆ ಬಾಟಲಿಯನ್ನು ಮರೆಯಲಾರೆ.

ಉರಿಯೂತ ತಗ್ಗಿಸುವ ಔಷಧಿಯನ್ನು ಸಲಾಯಿನ್ನಿನ ಹಾಗೆ ಹನಿಹನಿಯಾಗಿ ಏರಿಸಿದರು, ಸ್ಟಿರಾಯ್ಡ್ ಕೊಟ್ಟರು. ಜ್ವರ ಇಳಿಯಿತು. ಹೃದಯದ ರಕ್ತನಾಳ ಮಾತ್ರ ಊದಿಕೊಂಡೇ ಇತ್ತು. ದಿನಾ ಗುಳಿಗೆ ನುಂಗಬೇಕು, ಓಡಬಾರದು ಎಂದರು. ಓಡಬಾರದು ಎಂದು ಆ ವಯಸ್ಸಿನ ಮಗುವಿಗೆ ಹೇಳಿ ನೋಡಿದವರಿಗೇ ಗೊತ್ತು ಅದೇನೆಂದು. ಶಾಲೆ ತೆರೆದ ಮೇಲೆ ಆಟದ ಹೊತ್ತಿಗೆ ಆಕೆ ಕಟ್ಟೆಯ ಮೇಲೆ ಕೂತು ಬೇರೆ ಹುಡುಗಿಯರ ಚಪ್ಪಲಿ ಕಾಯುತ್ತಿದ್ದಳು. ಮುಂದಿನ ವರ್ಷದ ಸ್ಕ್ಯಾನಿನಲ್ಲಿ ಊತ ಪೂರ್ತಿ ಹೋಗಿತ್ತು. ಓಣಿಯವರ ಬಾಯಲ್ಲಿ ಮಾತ್ರ ಇವತ್ತಿಗೂ ಆಕೆ “ಹಾರ್ಟಿನ ಹುಡುಗಿ”.

ಹೋದ ವರ್ಷ ಭಾವನ ಮಗಳ ನಿಶ್ಚಯ ಆಯಿತು. ಊಟದ ಪಂಕ್ತಿಯಲ್ಲಿ ಭಾವ ಬೀಗರಿಗೆ ಹೇಳುತ್ತಿದ್ದರು: “ಈ ಹುಡುಗಿ ಉಳದದ್ದ ದೊಡ್ಡದರಿ. ನಾ ಹೊತ್ತಿಗೆ ಸರಿಯಾಗಿ ಕಾರ್ ತಗೊಂಡು ಓಡಿದ್ನಿ.”

ಹೋಳಿಗೆ ಬಡಿಸುತ್ತಿದ್ದ ನನ್ನ ಮಗಳು ನಿಂತಳು. ಹೊಟ್ಟೆಯ ಮೇಲಿನ ಹೊಲಿಗೆ ಹೇಗೆ ಬಂತೆಂದು ಹಿಂದೊಮ್ಮೆ ಆಕೆ ಕೇಳಿದಾಗ ನಾನು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ.

“ದೊಡ್ಡಪ್ಪಾರ, ಡಾಕ್ಟರ್ ಮುಂದ ಸುಳ್ಳು ಹೇಳಿದ್ದೂ ಹೇಳ್ರಿ,” ಎಂದಳು.

ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದು, “ಹೆಣ್ಣಹುಡುಗಿಗೆ ಇದನ್ನ ಕಲಿಸಿಯೇನು? ಮಂದಿ ಮುಂದ ಮರ್ಯಾದಿ ತಗದ್ಲು,” ಎಂದರು. ನನ್ನ ಗಂಡ ಮಗಳಿಂದ ಕ್ಷಮೆ ಕೇಳಿಸಲು ನೋಡಿದರು. ಆಕೆ ಕೇಳಲಿಲ್ಲ, ನಾನೂ ಕೇಳು ಅನ್ನಲಿಲ್ಲ.

ಆವತ್ತಿನಿಂದ ಮನೆಯಲ್ಲಿ ನಮ್ಮಿಬ್ಬರೊಡನೆ ಮಾತು ಕಡಿಮೆ. ಭಾವನನ್ನು ಮಾತ್ರ ಇಲ್ಲಿಯವರೆಗೆ ಯಾರೂ ಏನೂ ಕೇಳಿಲ್ಲ.