ಶೀಟಿನ ಮೇಲಿನ ಸಂಡಿಗೆ

ಪೆರಂಬೂರಿನ ನಮ್ಮ ಮನೆಯ ಹಿಂದಿನ ಅಡುಗೆಮನೆಗೆ ಆಸ್ಬೆಸ್ಟಾಸ್ ಶೀಟಿನ ಮಾಡು. ತಾರಸಿಯ ಕಟ್ಟೆಯಿಂದ ಬಗ್ಗಿದರೆ ಅದು ಕೈಗೆ ಸಿಗುತ್ತಿತ್ತು. ಮಾರ್ಚ್ ಬಂತೆಂದರೆ ಅಮ್ಮ ಅಪ್ಪನ ಹೋಟೆಲಿಗಾಗಿ ಅಲ್ಲಿ ಅಕ್ಕಿ ಸಂಡಿಗೆ ಒಣಗಿಸುತ್ತಿದ್ದಳು. ಶೀಟು ಚೆನ್ನಾಗಿ ಕಾಯುತ್ತದೆ, ಬೇಗ ಒಣಗುತ್ತದೆ. ಆದರೆ ಚಾಪೆ ಹಾಸುವ ಮೊದಲು ಶೀಟಿನ ಪಾಚಿ ಹೋಗಬೇಕು; ಗಲೀಜಿನ ಮೇಲೆ ತಿನ್ನುವ ಪದಾರ್ಥ ಇಡುವುದು ಅವಳಿಗಾಗದು. ನೀರು ಹಾಕಿ ತೊಳೆದರೆ ತೇವ ಉಳಿದು ಸಂಡಿಗೆಗೆ ಬೂಸ್ಟು ಬರುತ್ತದೆಂದು ಒಣ ಶೀಟನ್ನೇ ತಂತಿ ಬ್ರಷ್‌ನಿಂದ ಉಜ್ಜುತ್ತಿದ್ದಳು. ಬೂದು ಬಣ್ಣದ ಹುಡಿ ಏಳುತ್ತಿತ್ತು. ನಾನು ಚಾಪೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಕೊನೆಗೆ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಎಷ್ಟೋ ಬೇಸಿಗೆಗಳು ಹೀಗೇ ಹೋದವು.

ಈ ವರ್ಷ ಅಮ್ಮನ ಶ್ವಾಸಕೋಶದ ಹೊರಪೊರೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಡಾಕ್ಟರ್ ಅವಳ ಹಳೆಯ ಕೆಲಸಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು.

"ಆಸ್ಬೆಸ್ಟಾಸ್ ಫ್ಯಾಕ್ಟರಿಲ ವೇಲೆ ಪಾತ್ತೀಂಗಳಾ, ಅಮ್ಮಾ?" ಅಂಥ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದುಂಟೇ ಎಂದು ತಮಿಳಿನಲ್ಲಿ ಕೇಳಿದರು.

"ಇಲ್ಲೆ ಸಾರ್," ಎಂದು ಅಮ್ಮ ನಕ್ಕಳು. "ಕಿಚನ್‌ದಾನ್ ನಮ್ಮ ಫ್ಯಾಕ್ಟರಿ."

ಅವರು 'ಇಲ್ಲ' ಎಂದು ಬರೆದುಕೊಂಡರು. ನನಗೆ ಆ ಕ್ಷಣವೇ ಶೀಟು ನೆನಪಾಗಿತ್ತು. ಅವಳೆದುರು ಹೇಳಲು ಬಾಯಿ ಬರಲಿಲ್ಲ.

ಎರಡು ದಿನ ಬಿಟ್ಟು ಮನೆಯಲ್ಲಿ ಅವಳಿಗೆ ಶೀಟಿನ ವಿಷಯ ಹೇಳಿದೆ. ಅವಳು ಬಿಡಿಸುತ್ತಿದ್ದ ಬಟಾಣಿ ಕೆಳಗಿಟ್ಟಳು.

"ಮಾಡಿನ ಶೀಟಾ?"

"ಅದು ಸುಮ್ನೆ ಇದ್ರೆ ಅಷ್ಟು ತೊಂದ್ರೆ ಇಲ್ಲ. ಉಜ್ಜಿದಾಗ ಏಳುವ ಹುಡಿ ಉಸಿರಲ್ಲಿ ಒಳಗೆ ಹೋದ್ರೆ ಈ ಕಾಯಿಲೆ ಬರಬಹುದು. ಅದ್ರಿಂದಲೇ ಅಂತ ಯಾರೂ ಗ್ಯಾರಂಟಿ ಹೇಳುದಿಲ್ಲ ಅಮ್ಮ."

"ನಾನು ಕ್ಲೀನ್ ಮಾಡ್ತಾ ಇದ್ದೇನೆ ಅಂತ ತಿಳ್ಕೊಂಡಿದ್ದೆ ಮಾರಾಯ್ತಿ."

ಆಮೇಲೆ ನನ್ನನ್ನು ನೋಡಿದಳು.

"ಚಾಪೆ ಹಿಡ್ಕೊಂಡು ನೀನೂ ಅಲ್ಲೇ ಇರ್ತಿದ್ದಿ ಅಲ್ವಾ?"

"ನಾನು ದೂರ ನಿಲ್ತಿದ್ದೆ."

"ಸುಳ್ಳು ಹೇಳ್ಬೇಡ. ಮುಖ ಒರೆಸಿದ್ದು ನಾನೇ."

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಶೀಟಿನ ವಿಷಯ ಹೇಳಿದಳು: ಬ್ರಷ್ಷು, ಹುಡಿ, ಮಾರ್ಚ್ ತಿಂಗಳು, ಒಂದನ್ನೂ ಬಿಡದೆ. ಡಾಕ್ಟರ್ ಅಂದು ಬರೆದಿದ್ದ 'ಇಲ್ಲ'ವನ್ನು ಹೊಡೆದು ಹಾಕಿ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಬರೆದರು. ತನಗೆ ಇನ್ನೆಷ್ಟು ದಿನ ಎಂದು ಅವಳು ಕೇಳಲಿಲ್ಲ. ಗದ್ದ ಎತ್ತಿ ನನ್ನ ಕಡೆ ತೋರಿಸಿದಳು.

"ಇವಳದ್ದೂ ಬರ್ಕೊಳ್ಳಿ," ಎಂದಳು ಕನ್ನಡದಲ್ಲೇ. ಡಾಕ್ಟರಿಗೆ ಅರ್ಥವಾಯಿತು. ಅವರು ಹೊಸ ಕಾಗದ ತೆಗೆದುಕೊಂಡು ನನ್ನ ವಯಸ್ಸು ಕೇಳಿದರು.