ಪುಣೆಯ ಸಭೆಯಲ್ಲಿ ನಾನು ಹೇಳಿದ ಸುಳ್ಳು

ಕನ್ನಡನಾಡು ಒಂದಾದ ಮರುವರ್ಷ, ೧೯೫೭ರ ಮಾತು. ನನ್ನ ತಂಗಿ ಸುಶೀಲಾ ಆಗ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಪುಣೆಯಲ್ಲಿ ಅವಳು ಓದಿದ ವಿದ್ಯಾಪೀಠದವರು ಆ ವರ್ಷದ ಘಟಿಕೋತ್ಸವದ ಭಾಷಣಕ್ಕೆ ಅವಳನ್ನೇ ಕರೆದರು. ಸುದ್ದಿ ಹೇಳಲು ಗಜೇಂದ್ರಗಡಕ್ಕೆ ಬಂದವಳು, "ಅಣ್ಣಾ, ನೀನೂ ವೈನೀನೂ ಬರಬೇಕು. ನಿನ್ನ ಮಗ್ಗ ಎರಡ ದಿನ ನಿಂತ್ರ ಊರ ಮಂದಿಯೇನ ಬರೇ ಮೈಲೆ ಅಡ್ಡಾಡೂದಿಲ್ಲ" ಎಂದಳು. ವೈನಿ ಎಂದರೆ ನನ್ನ ಹೆಂಡತಿ ನೀಲವ್ವ.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡಾಗ ಸುಶೀಲಾಳನ್ನೂ ಬಿಡಿಸಿ ಮದುವೆ ಮಾಡಿಬಿಡೋಣ ಎಂದಿದ್ದೆ. ತಡೆದವಳು ನೀಲವ್ವ. "ಆಕಿ ಓದ್ಲಿ ಬಿಡ್ರಿ. ನಾ ಮಂದಿ ಮನಿ ಕಂಡಿಕಿನೂ ಸುತ್ತತೀನಿ" ಎಂದಳು. ನಮ್ಮ ಮಗ್ಗದ ಕೆಲಸ ಮುಗಿಸಿ, ಬೇರೆ ನೇಕಾರರಿಗೂ ನೂಲು ಸುತ್ತಿಕೊಟ್ಟು, ಆ ದುಡ್ಡನ್ನು ಪುಣೆಗೆ ಕಳಿಸಿದಳು. ಮನಿಯಾರ್ಡರಿನ ಮೇಲೆ ಮಾತ್ರ ನನ್ನ ಹೆಸರಿರುತ್ತಿತ್ತು. "ಅಣ್ಣ ಕಳಸ್ತಾನ ಅಂದ್ರ ಆಕಿಗಿ ಧೈರ್ಯ. ನನ್ನ ಸುದ್ದಿ ತಗೀಬ್ಯಾಡ್ರಿ" ಎಂದವಳೂ ಅವಳೇ.

ಸಭೆಯಲ್ಲಿ ಸುಶೀಲಾ ಮರಾಠಿಯಲ್ಲಿ ಮಾತನಾಡಿದಳು. ಸೀರೆ ಮಾರಲು ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದ ನನಗೆ ಮರಾಠಿ ತಿಳಿಯುತ್ತಿತ್ತು. ಸವಡಿಯ ಒಕ್ಕಲು ಮನೆಯಿಂದ ಬಂದ ನೀಲವ್ವನಿಗೆ ಒಂದು ಮಾತೂ ತಿಳಿಯದು. "ನಾನು ಇಲ್ಲಿ ನಿಂತಿರುವುದು ನನ್ನ ಅಣ್ಣನಿಂದ. ನನ್ನನ್ನು ಓದಿಸಲು ಅವನು ಹಗಲಿರುಳು ದುಡಿದ" ಎಂದು ಹೇಳಿ ಸುಶೀಲಾ ನನ್ನ ಕಡೆ ಕೈ ತೋರಿಸಿದಳು. ಸಭೆಯೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು ಕೈ ಮುಗಿದೆ.

ಕುಳಿತ ಕೂಡಲೇ ನೀಲವ್ವ ಮೆಲ್ಲಗೆ ಕೇಳಿದಳು, "ಏನಂದ್ಲ್ರಿ?"

"ನಮ್ಮನ್ನ ನೆನಸಿದ್ಲು."

"ನನ್ನ ಹೆಸರೂ ತಗದ್ಲೇನ್ರಿ?"

"ಹೂಂ, ತಗದ್ಲು."

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

ಊರಿಗೆ ಮರಳಿದ ಮೇಲೆ ಬಾವಿಗೆ ನೀರಿಗೆ ಹೋದಾಗಲೆಲ್ಲ ಅವಳದು ಅದೇ ಮಾತು. ಮುಂದೆ ಒಮ್ಮೆ ಸುಶೀಲಾ ಬಂದಾಗ ರೊಟ್ಟಿ ಬಡಿಯುತ್ತ, "ಅಷ್ಟ ಮಂದಿಯೊಳಗ ನನ್ನ ಹೆಸರ ಹೇಳಿದೆಲ್ಲವಾ, ಸಾಕ ನನಗ" ಎಂದಳು. ಸುಶೀಲಾ ನನ್ನ ಮುಖ ನೋಡಿದಳು. ಆಮೇಲೆ, "ಹೇಳದ ಇರ್ತೀನೇನ ವೈನಿ" ಎಂದಳು.

ಬಸ್ಸಿಗೆ ಕಾಯುವಾಗ ಕೇಳಿದಳು, "ವೈನಿ ಯಾಕ ಹಂಗ ತಿಳ್ಕೊಂಡಾಳ ಅಣ್ಣಾ?"

"ಆಕಿಗಿ ಮರಾಠಿ ಎಲ್ಲಿ ಬರತೈತಿ. ತಪ್ಪ ತಿಳ್ಕೊಂಡಾಳ" ಎಂದೆ. ತಪ್ಪನ್ನೂ ನೀಲವ್ವನ ಮೇಲೆಯೇ ಹಾಕಿದೆ.

ನೀಲವ್ವ ತೀರಿಕೊಂಡು ಬಹಳ ವರ್ಷಗಳಾದವು. ಸುಶೀಲಾ ಈಗಲೂ ಬಂದಾಗಲೆಲ್ಲ ನನ್ನ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ನಾನು ಕಾಲು ಹಿಂದಕ್ಕೆ ಎಳೆದುಕೊಂಡರೆ, "ಭಾಳ ನೋಯ್ತಾವೇನ ಅಣ್ಣಾ?" ಎಂದು ಕೇಳುತ್ತಾಳೆ. ಆಗಲೂ "ಹೂಂ" ಎಂದುಬಿಡುತ್ತೇನೆ. ಅವಳು ಪತ್ರಿಕೆಯವಳು, ಇದನ್ನು ಓದಿಯೇ ಓದುತ್ತಾಳೆ. ಸುಶೀಲಾ, ನಿನ್ನನ್ನು ಓದಿಸಿದವಳು ನಿನ್ನ ವೈನಿ.